‘ಮರಗೆಲಸ ಕಲಿಯೋಕೆ ಅಮೆರಿಕಾಕ್ಕೆ ಬರಬೇಕಿತ್ತಾ?’: ಹೈಸ್ಕೂಲಿನಲ್ಲಿ ಡಿಸೈನ್ ಮತ್ತು ತಂತ್ರಜ್ಞಾನದ ಪಾಠ

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಿಂದ ಮಾತಾಡ್ತಾ ಇದ್ದೀವಿ. ಸಾಮಾನ್ಯವಾಗಿ ಜೀವಕೋಶ, ಬ್ಯಾಕ್ಟೀರಿಯಾ, ಜೀನ್ ಅಂತ ಮಾತಾಡೋ ನಾವು ಈ ಕಂತಿನಲ್ಲಿ ಒಂದು ಶಾಲಾ ವಿಷಯವನ್ನು ಎತ್ತಿಕೊಂಡಿದ್ದೀವಿ. ಅದಕ್ಕೆ ಕಾರಣ ಸನಿವೇಲ್‌ನಲ್ಲಿರೋ ಸ್ನೇಹಿತರ ಮನೆಯಲ್ಲಿ ನಡೆದ ಒಂದು ರಾತ್ರಿಯ ಜಗಳ.

ಇಲ್ಲಿ ಫೆಬ್ರವರಿ ಹೊತ್ತಿಗೆ ಮಕ್ಕಳು ಮುಂದಿನ ವರ್ಷದ ವಿಷಯಗಳನ್ನು ಆರಿಸಿಕೊಳ್ಳಬೇಕು. ಎಂಟನೇ ಕ್ಲಾಸಿನ ಮಗಳು ಫಾರ್ಮ್ ಹಿಡ್ಕೊಂಡು, ‘ನಂಗೆ ಇಂಜಿನಿಯರಿಂಗ್ ಡಿಸೈನ್ ಬೇಕು, ಅದರಲ್ಲಿ ಮರದ ಕೆಲಸ ಇದೆ, ತ್ರೀಡಿ ಪ್ರಿಂಟರ್ ಇದೆ’ ಅಂದಳು. ಅಪ್ಪ ಸಾಫ್ಟ್‌ವೇರ್ ಇಂಜಿನಿಯರ್, ಹಾಸನದ ಕಡೆಯವರು. ‘ಮರಗೆಲಸ ಕಲಿಯೋಕೆ ಅಮೆರಿಕಾಕ್ಕೆ ಬರಬೇಕಿತ್ತಾ ಪುಟ್ಟಿ? ಆ ಪೀರಿಯಡ್‌ನಲ್ಲಿ ಇನ್ನೊಂದು ಒಳ್ಳೆ ಸಬ್ಜೆಕ್ಟ್ ತಗೋ’ ಅಂದರು. ಆಮೇಲೆ ನಮ್ಮ ಕಡೆ ತಿರುಗಿ, ‘ನೀವೇ ಹೇಳಿ, ಪಿಎಚ್‌ಡಿ ಮಾಡಿರೋರು’ ಅಂದರು. ಆವತ್ತು ನಾವು ಸರಿಯಾಗಿ ಉತ್ತರ ಕೊಡಲಿಲ್ಲ. ಊಟದ ಮನೆಯಲ್ಲಿ ಪಕ್ಷ ವಹಿಸೋದು ಕಷ್ಟ ನೋಡಿ. ಆ ಉತ್ತರವನ್ನು ಈಗ ಕೊಡೋಣ.

ಮೊದಲು, ಈ ವಿಷಯ ಅಂದ್ರೆ ಏನು? ಇಂಗ್ಲೆಂಡಿನಲ್ಲಿ ಇದಕ್ಕೆ ‘ಡಿಸೈನ್ ಅಂಡ್ ಟೆಕ್ನಾಲಜಿ’ ಅಂತ ಹೆಸರು. 1990ರಲ್ಲಿ ಅಲ್ಲಿನ ರಾಷ್ಟ್ರೀಯ ಪಠ್ಯಕ್ರಮದ ಭಾಗವಾಗಿ ಬಂತು. ಅಮೆರಿಕಾದಲ್ಲಿ ಹಿಂದೆ ‘ಇಂಡಸ್ಟ್ರಿಯಲ್ ಆರ್ಟ್ಸ್’ ಅನ್ನುತ್ತಿದ್ದರು, ಜನರ ಬಾಯಲ್ಲಿ ‘ಶಾಪ್ ಕ್ಲಾಸ್’. ಈಗ ಕ್ಯಾಲಿಫೋರ್ನಿಯಾದಲ್ಲಿ ಇದರ ಬಹುಪಾಲು ‘ಕರಿಯರ್ ಟೆಕ್ನಿಕಲ್ ಎಜುಕೇಷನ್’ ಅನ್ನೋ ದೊಡ್ಡ ಛತ್ರಿಯ ಕೆಳಗೆ ಬರುತ್ತೆ.

ಹೆಸರು ಯಾವುದಾದರೂ ಇರಲಿ, ಒಳ್ಳೆಯ ಕ್ಲಾಸಿನಲ್ಲಿ ನಡೆಯೋದು ಒಂದೇ. ಒಬ್ಬರಿಗೆ ಇರುವ ಒಂದು ನಿಜವಾದ ತೊಂದರೆಯನ್ನು ಹಿಡಿಯಬೇಕು. ಯಾರಿಗಾಗಿ, ಎಷ್ಟು ಖರ್ಚಿನಲ್ಲಿ, ಯಾವ ಸಾಮಗ್ರಿಯಿಂದ ಮಾಡ್ತೀವಿ ಅಂತ ಬರೆದುಕೊಳ್ಳಬೇಕು. ನಾಲ್ಕಾರು ನಕ್ಷೆ ಬಿಡಿಸಿ, ರಟ್ಟಿನಲ್ಲೋ ಮರದಲ್ಲೋ ಒಂದು ಮಾದರಿ ಮಾಡಬೇಕು. ಅದು ಕೈಕೊಡುತ್ತೆ. ಯಾಕೆ ಕೈಕೊಡ್ತು ಅಂತ ಬರೆದಿಟ್ಟು ಮತ್ತೆ ಮಾಡಬೇಕು. ಕೊನೆಗೆ ಅಂಕ ಬರೋದು ಮಾಡಿದ ವಸ್ತುವಿಗೆ ಮಾತ್ರ ಅಲ್ಲ, ಈ ದಾರಿಯನ್ನೆಲ್ಲ ದಾಖಲಿಸಿದ ಪುಸ್ತಕಕ್ಕೂ.

ಒಂದು ಉದಾಹರಣೆ ನೋಡಿ. ಇಲ್ಲಿನ ಅಂಗಡಿಗಳಲ್ಲಿ ದಪ್ಪ ಕಪ್ಪು ರಬ್ಬರ್ ಹಿಡಿಯ ತರಕಾರಿ ಪೀಲರ್ ಸಿಗುತ್ತಲ್ಲ, ಆಕ್ಸೋ ಕಂಪನಿಯದು. ಸ್ಯಾಮ್ ಫಾರ್ಬರ್ ಅನ್ನುವವರ ಹೆಂಡತಿಗೆ ಸಂಧಿವಾತ, ಲೋಹದ ತೆಳು ಹಿಡಿಯ ಪೀಲರ್ ಹಿಡಿಯೋಕೆ ಆಗ್ತಿರಲಿಲ್ಲ. ಆ ನೋವು ನೋಡಿ ಹುಟ್ಟಿದ ವಿನ್ಯಾಸ 1990ರಲ್ಲಿ ಮಾರುಕಟ್ಟೆಗೆ ಬಂತು. ಬೆರಳು ನೋವಿಲ್ಲದವರೂ ಅದನ್ನೇ ಕೊಂಡರು. ಡಿಸೈನ್ ಅಂದ್ರೆ ಅಲಂಕಾರ ಅಲ್ಲ. ಯಾರ ಕೈ, ಯಾವ ಕೆಲಸ ಅಂತ ಕೇಳೋದು.

ಈಗ ನಮ್ಮ ಸ್ನೇಹಿತರ ಮನೆಯಿಂದ ಕಾರಿನಲ್ಲಿ ಕೆಲವೇ ನಿಮಿಷಗಳ ದೂರಕ್ಕೆ ಹೋಗೋಣ. ಕ್ಯುಪರ್ಟಿನೋದಲ್ಲಿ ಹೋಮ್‌ಸ್ಟೆಡ್ ಹೈಸ್ಕೂಲ್ ಇದೆ, 1962ರಲ್ಲಿ ಶುರುವಾದದ್ದು. ಕನ್ನಡದ ಎಷ್ಟೋ ಮನೆಗಳ ಮಕ್ಕಳು ಈ ಸುತ್ತಮುತ್ತಲ ಶಾಲೆಗಳಲ್ಲೇ ಓದ್ತಾ ಇದ್ದಾರೆ. 1960ರ ದಶಕದಲ್ಲಿ ಅಲ್ಲಿ ಜಾನ್ ಮೆಕಾಲಮ್ ಅಂತ ಒಬ್ಬ ಮೇಷ್ಟ್ರು ಎಲೆಕ್ಟ್ರಾನಿಕ್ಸ್ ಕ್ಲಾಸ್ ನಡೆಸ್ತಿದ್ದರು. ಹಿಂದೆ ನೌಕಾಪಡೆಯಲ್ಲಿ ವಿಮಾನ ಹಾರಿಸಿದ್ದವರು. ಕ್ಲಾಸಿಗೆ ಹೊಂದಿಕೊಂಡು ಒಂದು ಸಣ್ಣ ಉಗ್ರಾಣ. ಅದರ ತುಂಬ ಅವರು ಅಲ್ಲಿಲ್ಲಿಂದ ಒಟ್ಟುಮಾಡಿದ ಟ್ರಾನ್ಸಿಸ್ಟರು, ಬಿಡಿಭಾಗ. ಕೆಲಸದಲ್ಲಿ ಆಸಕ್ತಿ ತೋರಿಸಿದ ಹುಡುಗರಿಗೆ ಆ ಉಗ್ರಾಣದ ಬೀಗದ ಕೈಯನ್ನೇ ಕೊಡ್ತಿದ್ದರಂತೆ.

ಆ ಹುಡುಗರಲ್ಲಿ ಒಬ್ಬ ಸ್ಟೀವ್ ವೋಜ್ನಿಯಾಕ್. 1968ರಲ್ಲಿ ಶಾಲೆ ಮುಗಿಸಿದವನು. ತುಂಟನೂ ಹೌದು. ಟಿಕ್ ಟಿಕ್ ಅನ್ನೋ ಒಂದು ಯಂತ್ರ ಮಾಡಿ, ಬಾಂಬಿನ ಹಾಗೆ ಕಾಣುವಂತೆ ಸ್ನೇಹಿತನ ಲಾಕರಿನಲ್ಲಿಟ್ಟು, ಒಂದು ರಾತ್ರಿ ಬಾಲಾಪರಾಧಿಗಳ ಕೇಂದ್ರದಲ್ಲಿ ಕಳೆದವನು. ಮೆಕಾಲಮ್ ಮೇಷ್ಟ್ರಿಗೆ ತಾವು ಕಲಿಸೋದೆಲ್ಲ ಈ ಹುಡುಗನಿಗೆ ಆಗಲೇ ಗೊತ್ತು ಅಂತ ಅರ್ಥವಾಯ್ತು. ‘ಸುಮ್ಮನೆ ಕೂತ್ಕೋ’ ಅನ್ನಲಿಲ್ಲ. ಸಿಲ್ವೇನಿಯಾ ಅನ್ನೋ ಕಂಪನಿಗೆ ವಾರಕ್ಕೊಮ್ಮೆ ಹೋಗಿ ನಿಜವಾದ ಕಂಪ್ಯೂಟರಿನ ಮೇಲೆ ಪ್ರೋಗ್ರಾಮ್ ಬರೆಯೋ ಏರ್ಪಾಡು ಮಾಡಿದರು. ಶಾಲೆಯಲ್ಲಿ ಕಂಪ್ಯೂಟರ್ ಇಲ್ಲದ ಕಾಲ ಅದು.

ವೋಜ್ನಿಯಾಕ್ ಆ ದಿನಗಳಲ್ಲಿ ಮಾಡ್ತಿದ್ದ ಇನ್ನೊಂದು ಕೆಲಸ ನಮಗೆ ತುಂಬಾ ಮುಖ್ಯ ಅನ್ನಿಸುತ್ತೆ. ಮಿನಿ ಕಂಪ್ಯೂಟರುಗಳ ಕೈಪಿಡಿ ಸಂಪಾದಿಸಿ, ಅದೇ ಯಂತ್ರವನ್ನು ಇನ್ನೂ ಕಡಿಮೆ ಚಿಪ್‌ಗಳಲ್ಲಿ ಹೇಗೆ ಕಟ್ಟಬಹುದು ಅಂತ ಕಾಗದದ ಮೇಲೆ ಬಿಡಿಸ್ತಾ ಕೂರ್ತಿದ್ದ. ಕೊಳ್ಳೋಕೆ ದುಡ್ಡಿಲ್ಲ, ಹಾಗಾಗಿ ಕಾಗದದಲ್ಲೇ ಕಟ್ಟಬೇಕು. ಕಡಿಮೆಯಲ್ಲಿ ಮಾಡುವ ಆ ಅಭ್ಯಾಸ 1976ರ ಆಪಲ್ ಒನ್ ಕಂಪ್ಯೂಟರಿನಲ್ಲಿ ಕಾಣುತ್ತೆ.

ಸ್ಟೀವ್ ಜಾಬ್ಸ್ ಕೂಡ ಅದೇ ಶಾಲೆ, 1972ರ ಬ್ಯಾಚ್. ಮೆಕಾಲಮ್ ಕ್ಲಾಸಿಗೆ ಸೇರಿದ್ದ, ಆದರೆ ಒಂದೇ ವರ್ಷಕ್ಕೆ ಬಿಟ್ಟ. ಮೇಷ್ಟ್ರಿಗೂ ಅವನಿಗೂ ಅಷ್ಟೇನೂ ಹೊಂದಲಿಲ್ಲ. ಇದನ್ನೂ ಹೇಳಬೇಕು. ‘ಈ ಕ್ಲಾಸಿಗೆ ಸೇರಿಸಿ, ನಿಮ್ಮ ಮಗು ಸ್ಟೀವ್ ಜಾಬ್ಸ್ ಆಗುತ್ತೆ’ ಅಂತ ನಾವು ಹೇಳ್ತಾ ಇಲ್ಲ. ಆದರೆ ಆ ಕಾಲದಲ್ಲಿ ಹೀತ್‌ಕಿಟ್ ಅಂತ ಸಿಗ್ತಿತ್ತು, ರೇಡಿಯೋ, ಆಸಿಲೋಸ್ಕೋಪಿನಂಥವನ್ನು ಮನೆಯಲ್ಲೇ ಜೋಡಿಸಿಕೊಳ್ಳುವ ಬಿಡಿಭಾಗಗಳ ಪೆಟ್ಟಿಗೆ. ಅದರ ಬಗ್ಗೆ ಜಾಬ್ಸ್ ಆಮೇಲೆ ಹೇಳಿಕೊಂಡ ಮಾತಿನ ತಾತ್ಪರ್ಯ ಇಷ್ಟು: ಸುತ್ತಲಿನ ವಸ್ತುಗಳು ಮಾಯೆಯಿಂದ ಬಂದದ್ದಲ್ಲ, ಮನುಷ್ಯರು ಮಾಡಿದ್ದು, ನಾನೂ ಮಾಡಬಹುದು ಅನ್ನೋ ಧೈರ್ಯ ಅದರಿಂದ ಬಂತು. ನಮ್ಮ ಪ್ರಕಾರ ಈ ವಿಷಯದ ಸಾರ ಈ ಧೈರ್ಯದಲ್ಲೇ ಇದೆ.

ಹಾಗಾದ್ರೆ ಇಂಥ ಕ್ಲಾಸುಗಳು ಯಾಕೆ ಕಡಿಮೆಯಾದವು? ಕಾರಣ ಒಂದೇ ಅಲ್ಲ. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ‘ಪ್ರೊಪೊಸಿಷನ್ 13’ ಒಪ್ಪಿದರು. ಆಸ್ತಿ ತೆರಿಗೆಗೆ ಶೇಕಡಾ ಒಂದರ ಮಿತಿ ಬಿತ್ತು, ಶಾಲೆಗಳ ವರಮಾನ ಕುಗ್ಗಿತು. ಯಂತ್ರ, ಸಾಮಗ್ರಿ, ವಿಮೆ, ಸಣ್ಣ ಕ್ಲಾಸು ಎಲ್ಲ ಬೇಕಾದ ವಿಷಯ ಅಂದ್ರೆ ಖರ್ಚಿನ ವಿಷಯ. 1983ರಲ್ಲಿ ‘ಎ ನೇಷನ್ ಅಟ್ ರಿಸ್ಕ್’ ಅನ್ನೋ ವರದಿ ಬಂದ ಮೇಲೆ ಗಣಿತ, ವಿಜ್ಞಾನ, ಇಂಗ್ಲಿಷ್ ಕಡೆಗೇ ಒತ್ತು. ಇನ್ನೊಂದು ಕಹಿ ಸತ್ಯವೂ ಇದೆ. ಬಡ ಮಕ್ಕಳನ್ನು, ಕಪ್ಪು ಮತ್ತು ಲ್ಯಾಟಿನೋ ಮಕ್ಕಳನ್ನು ‘ನಿನಗೆ ಕಾಲೇಜು ಬೇಡ’ ಅಂತ ಶಾಪ್ ಕ್ಲಾಸಿಗೆ ತಳ್ಳೋದು ಎಷ್ಟೋ ಕಡೆ ನಡೀತಿತ್ತು. ಆ ಪೋಷಕರ ಕೋಪಕ್ಕೆ ಕಾರಣ ಇತ್ತು. ಹುಡುಗಿಯರನ್ನಂತೂ ಹೊಲಿಗೆ, ಅಡಿಗೆಯ ಕ್ಲಾಸಿಗೆ ಕಳಿಸ್ತಿದ್ದರು. 1972ರ ‘ಟೈಟಲ್ ನೈನ್’ ಕಾನೂನು ಬಂದ ಮೇಲೆ ಹಾಗೆ ಬೇರ್ಪಡಿಸೋದಕ್ಕೆ ತಡೆ ಬಿತ್ತು.

ಇದನ್ನು ಕೇಳ್ತಾ ಇದ್ದರೆ ನಮ್ಮ ಊರಿನ ಕಥೆ ನೆನಪಾಗುತ್ತೆ, ಅಲ್ವಾ? ನಮ್ಮಲ್ಲಿ ಕೈಕೆಲಸ ಜಾತಿಯ ಜೊತೆ ಅಂಟಿಕೊಂಡು ಬಂದದ್ದು. ಬಡಗಿ, ಕಮ್ಮಾರ, ಕುಂಬಾರ, ನೇಕಾರ, ಹೀಗೆ. ಓದಿದವನು ಉಳಿ ಮುಟ್ಟಬಾರದು, ಉಳಿ ಹಿಡಿದವನು ಓದಬೇಕಾಗಿಲ್ಲ. ಹನ್ನೆರಡನೇ ಶತಮಾನದಲ್ಲಿ ಶರಣರು ಕಾಯಕದ ಮಾತು ಹೇಳಿದ ನಾಡು ನಮ್ಮದು. ಆದರೂ ‘ಚೆನ್ನಾಗಿ ಓದದಿದ್ರೆ ಗ್ಯಾರೇಜಿಗೆ ಸೇರಿಸ್ತೀನಿ’ ಅನ್ನೋದು ಇವತ್ತಿಗೂ ಮನೆಗಳಲ್ಲಿ ಬೈಗುಳ.

ಇದನ್ನು ಸರಿಮಾಡೋ ಪ್ರಯತ್ನಗಳು ಆಗಿಲ್ಲ ಅಂತಲ್ಲ. 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬನ್ನೇ ಕಲಿಕೆಯ ನಡುವೆ ಇಡುವ ನಯೀ ತಾಲೀಮ್ ಮುಂದಿಟ್ಟರು. 1964-66ರ ಕೊಠಾರಿ ಆಯೋಗ ‘ಕಾರ್ಯಾನುಭವ’ ಬೇಕು ಅಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೆ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಅಂತ ಹೆಸರಿಟ್ಟಿತು, ಅದೇ ಎಸ್‌ಯುಪಿಡಬ್ಲ್ಯು. ಮಕ್ಕಳು ಅದನ್ನು ‘ಸಮ್ ಯೂಸ್‌ಫುಲ್ ಪೀರಿಯಡ್ ವೇಸ್ಟೆಡ್’ ಅಂತ ಬಿಡಿಸಿ ನಗ್ತಿದ್ದರು. ಕರ್ನಾಟಕದಲ್ಲಿ ಜೂನಿಯರ್ ಟೆಕ್ನಿಕಲ್ ಶಾಲೆಗಳೂ ಇವೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿಯನ್ನು ಪೂರ್ತಿ ಓದಿದವರು ಅದರಲ್ಲಿ ‘ಇಂಜಿನಿಯರಿಂಗ್ ಗ್ರಾಫಿಕ್ಸ್’ ಅನ್ನೋ ಪತ್ರಿಕೆಯನ್ನು ಗಮನಿಸಿರಬಹುದು. ಅದು ಆ ಶಾಲೆಗಳ ಮಕ್ಕಳಿಗೆ.

2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದಿವೆ. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗಾಗಿ, ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ನೆರವು. ತ್ರೀಡಿ ಪ್ರಿಂಟರ್, ಸೆನ್ಸರ್, ಎಲೆಕ್ಟ್ರಾನಿಕ್ಸ್ ಕಿಟ್ ಎಲ್ಲ ಬರುತ್ತೆ. ದೇಶದಲ್ಲಿ ಇಂಥ ಹತ್ತು ಸಾವಿರ ಲ್ಯಾಬ್ ಆಗಿವೆ. ಇನ್ನೂ 50 ಸಾವಿರ ಮಾಡ್ತೀವಿ ಅಂತ 2025ರ ಕೇಂದ್ರ ಬಜೆಟ್ ಹೇಳಿತು. ಒಳ್ಳೆಯದೇ. ಆದರೆ ಲ್ಯಾಬ್ ಬಂದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಬೀಗದ ಕೈ ಯಾರ ಹತ್ತಿರ ಇದೆ? ನಾವು ಓದಿದ ಶಾಲೆಯಲ್ಲಿ ಒಂದು ಒಳ್ಳೆಯ ಸೂಕ್ಷ್ಮದರ್ಶಕ ಇತ್ತು. ಮೂರು ವರ್ಷ ಅದನ್ನು ಗಾಜಿನ ಬೀರುವಿನ ಆಚೆಯಿಂದ ನೋಡಿದೆವು. ‘ಹಾಳಾಗುತ್ತೆ’ ಅನ್ನೋ ಭಯ. ಹಾಳಾಗಲಿಲ್ಲ, ನಿಜ. ಯಾರೂ ಅದರಲ್ಲಿ ಏನನ್ನೂ ನೋಡಲೂ ಇಲ್ಲ.

ಈಗ ನಮ್ಮ ಕ್ಷೇತ್ರಕ್ಕೆ ಬರೋಣ. ಜೀವಶಾಸ್ತ್ರಜ್ಞರಿಗೆ ಇದರಲ್ಲಿ ಏನು ಕೆಲಸ ಅಂತ ಕೇಳಬಹುದು. ನಮ್ಮ ಶಾಸ್ತ್ರ ಶುರುವಾಗಿದ್ದೇ ಕೈಯಿಂದ. ಹದಿನೇಳನೇ ಶತಮಾನದಲ್ಲಿ ಬ್ಯಾಕ್ಟೀರಿಯಾವನ್ನು ಮೊದಲು ಕಂಡ ಲೇವನ್‌ಹುಕ್ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ. ತನ್ನ ಮಸೂರಗಳನ್ನು ತಾನೇ ಮಾಡಿಕೊಳ್ಳುತ್ತಿದ್ದ.

ಇಲ್ಲೇ ಸ್ಟ್ಯಾನ್‌ಫರ್ಡಿನಲ್ಲಿ ಮನು ಪ್ರಕಾಶ್ ಅವರ ಪ್ರಯೋಗಾಲಯ ಇದೆ. 2014ರಲ್ಲಿ ಅವರ ತಂಡ ‘ಫೋಲ್ಡ್‌ಸ್ಕೋಪ್’ ಪ್ರಕಟಿಸಿತು. ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ, ಸಾಮಗ್ರಿಯ ಖರ್ಚು ಒಂದು ಡಾಲರಿಗಿಂತ ಕಡಿಮೆ. 2017ರಲ್ಲಿ ‘ಪೇಪರ್‌ಫ್ಯೂಜ್’. ಚಿಕ್ಕವರಿದ್ದಾಗ ಅಂಗಿ ಗುಂಡಿಯ ಎರಡು ತೂತಿಗೆ ದಾರ ಪೋಣಿಸಿ, ಎಳೆದು ಸಡಿಲಿಸಿ, ಗುಂಯ್ ಅಂತ ತಿರುಗಿಸೋ ಆಟ ಆಡಿದ್ದೀವಲ್ಲ? ಅದೇ ತತ್ವ. ಕಾಗದದ ಬಿಲ್ಲೆ, ದಾರ, ಹಿಡಿಗೆ ಎರಡು ತುಂಡು. ತೂಕ ಎರಡು ಗ್ರಾಂ, ಖರ್ಚು 20 ಸೆಂಟ್ಸ್. ಅದು ನಿಮಿಷಕ್ಕೆ 1,25,000 ಸುತ್ತಿನವರೆಗೆ ತಿರುಗಿ, ಒಂದೂವರೆ ನಿಮಿಷದಲ್ಲಿ ರಕ್ತದಿಂದ ಪ್ಲಾಸ್ಮಾ ಬೇರ್ಪಡಿಸುತ್ತೆ. ಕರೆಂಟ್ ಇಲ್ಲದ ಊರಿನ ಆರೋಗ್ಯ ಕೇಂದ್ರಕ್ಕೆ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದೇ ಒಂದು ಪೆದ್ದತನವನ್ನೂ ಹೇಳ್ತೀವಿ. ಡಾಕ್ಟರೇಟ್ ಮಾಡುವಾಗ ಜೀಬ್ರಾಫಿಶ್ ಅನ್ನೋ ಪುಟ್ಟ ಮೀನಿನ ಭ್ರೂಣ ಬೆಳೆಯೋದನ್ನು ಗಂಟೆಗಟ್ಟಲೆ ಚಿತ್ರಿಸಬೇಕಿತ್ತು. ಭ್ರೂಣ ಉರುಳಿ ಚಿತ್ರ ಕೆಡ್ತಿತ್ತು. ನಾವು ಮೂರು ತಿಂಗಳು ಕೂತು, ಅಲುಗಿದ ಚಿತ್ರಗಳನ್ನು ಸರಿಪಡಿಸೋ ಪ್ರೋಗ್ರಾಮ್ ಬರೆದೆವು. ಒಂದು ದಿನ ವರ್ಕ್‌ಶಾಪಿನ ತಂತ್ರಜ್ಞರೊಬ್ಬರು ಅದನ್ನು ನೋಡಿ, ‘ಅದು ಉರುಳೋದಕ್ಕೆ ಯಾಕೆ ಬಿಡ್ತೀರಿ?’ ಅಂತ ಕೇಳಿದರು. ಮಧ್ಯಾಹ್ನದೊಳಗೆ ಸಾಲುಸಾಲು ಏಣುಗಳಿರೋ ಒಂದು ಪ್ಲಾಸ್ಟಿಕ್ ಅಚ್ಚು ಮಾಡಿಕೊಟ್ಟರು. ಅದನ್ನು ಬಿಸಿ ಅಗರೋಸ್ ಜೆಲ್ ಮೇಲೆ ಒತ್ತಿ ಆರಲು ಬಿಟ್ಟರೆ ಜೆಲ್‌ನಲ್ಲಿ ಸಣ್ಣ ಕಾಲುವೆಗಳು ಮೂಡ್ತವೆ. ಇಡ್ಲಿ ತಟ್ಟೆಯ ಗುಳಿಯಲ್ಲಿ ಹಿಟ್ಟು ಕೂತ ಹಾಗೆ ಭ್ರೂಣ ಅದರಲ್ಲಿ ಕೂತಿತು. ನಮಗೆ ಗಣಿತ ಗೊತ್ತಿತ್ತು, ಕೋಡಿಂಗ್ ಗೊತ್ತಿತ್ತು. ವಸ್ತುವಿನ ಕಡೆಯಿಂದ ಯೋಚಿಸೋದು ಗೊತ್ತಿರಲಿಲ್ಲ, ಯಾಕಂದ್ರೆ ಇಪ್ಪತ್ತು ವರ್ಷ ಓದಿದರೂ ಯಾರೂ ಅದನ್ನು ಕಲಿಸಿರಲಿಲ್ಲ.

‘ಅದೆಲ್ಲ ಹುಟ್ಟಿನಿಂದ ಬರೋದು, ಕೆಲವರಿಗೆ ಕೈ ಚುರುಕು’ ಅಂತಾರೆ. ಇದಕ್ಕೆ ಒಳ್ಳೆಯ ಪುರಾವೆ ಇರುವ ಉತ್ತರ ಇದೆ. ಒಂದು ಆಕೃತಿಯನ್ನು ಮನಸ್ಸಿನಲ್ಲೇ ತಿರುಗಿಸಿ ನೋಡೋದು, ಕತ್ತರಿಸಿದರೆ ಒಳಗೆ ಹೇಗಿರುತ್ತೆ ಅಂತ ಊಹಿಸೋದು, ಇದನ್ನು ಪ್ರಾದೇಶಿಕ ಗ್ರಹಿಕೆ ಅನ್ನಬಹುದು. 2013ರಲ್ಲಿ ಡೇವಿಡ್ ಅಟಲ್ ಮತ್ತು ಸಂಗಡಿಗರು 217 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಈ ಸಾಮರ್ಥ್ಯ ತರಬೇತಿಯಿಂದ ಬೆಳೆಯುತ್ತೆ, ಬೆಳೆದದ್ದು ಉಳಿಯುತ್ತೆ ಅಂತ ಕಂಡಿತು. ಮಿಷಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ಶೆರಿಲ್ ಸೋರ್ಬಿ 1993ರಿಂದ ಇಂಥದ್ದೇ ಒಂದು ಕೋರ್ಸ್ ನಡೆಸಿದರು. ಇಂಜಿನಿಯರಿಂಗ್ ಸೇರಿದ ಮೊದಲ ವರ್ಷ ಈ ಪರೀಕ್ಷೆಯಲ್ಲಿ ಹಿಂದುಳಿದವರಿಗಾಗಿ. ಅವರಲ್ಲಿ ಹುಡುಗಿಯರ ಪಾಲು ಹೆಚ್ಚು. ಕೋರ್ಸ್ ತೆಗೆದುಕೊಂಡವರ ಅಂಕ ಸುಧಾರಿಸಿತು, ಇಂಜಿನಿಯರಿಂಗ್ ಬಿಡದೆ ಉಳಿದ ಹುಡುಗಿಯರೂ ಹೆಚ್ಚಾದರು. ಅಂದ್ರೆ ‘ನನ್ನ ಮಗಳಿಗೆ ಅದು ಬರಲ್ಲ’ ಅನ್ನುವ ಮುಂಚೆ ಅವಳಿಗೆ ಉಳಿ, ಸ್ಕ್ರೂಡ್ರೈವರ್, ನಕ್ಷೆ ಕೊಟ್ಟಿದ್ದೀವಾ ಅಂತ ಕೇಳಿಕೊಳ್ಳಬೇಕು.

ಸರಿ, ಅಪ್ಪನ ವಾದವನ್ನು ಹಗುರವಾಗಿ ತಳ್ಳಿಹಾಕೋದು ಬೇಡ. ಅವರ ಲೆಕ್ಕ ಹೀಗೆ: ಎಪಿ ಕೋರ್ಸಿನಲ್ಲಿ ಎ ಬಂದ್ರೆ ನಾಲ್ಕರ ಬದಲು ಐದು ಅಂಕ, ಡಿಸೈನ್ ಕ್ಲಾಸಿಗೆ ನಾಲ್ಕೇ. ಈ ಸ್ಪರ್ಧೆಯಲ್ಲಿ ಒಂದು ಪೀರಿಯಡ್ ಅಂದ್ರೆ ಸಣ್ಣ ವಿಷಯ ಅಲ್ಲ. ನಿಜ. ಆದರೆ ಮೂರು ಸಂಗತಿ ಗಮನಿಸಿ. ಒಂದು, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ತನ್ನ ಜಿಪಿಎ ಲೆಕ್ಕಕ್ಕೆ ಹತ್ತು ಮತ್ತು ಹನ್ನೊಂದನೇ ತರಗತಿಯ ಅಂಕಗಳನ್ನು ತಗೊಳ್ಳುತ್ತೆ, ಒಂಬತ್ತನೆಯದನ್ನಲ್ಲ. ಒಂಬತ್ತನೇ ಕ್ಲಾಸ್ ಹೊಸದನ್ನು ಪ್ರಯತ್ನಿಸೋಕೆ ಒಳ್ಳೆಯ ಸಮಯ. ಎರಡು, ಆ ವಿಶ್ವವಿದ್ಯಾಲಯ ಕೇಳುವ 15 ಕೋರ್ಸುಗಳ ‘ಎ-ಜಿ’ ಪಟ್ಟಿಯಲ್ಲಿ ಒಂದು ಐಚ್ಛಿಕ ವಿಷಯಕ್ಕೂ ಜಾಗ ಇದೆ. ತಾಂತ್ರಿಕ ಶಿಕ್ಷಣದ ಎಷ್ಟೋ ಕೋರ್ಸುಗಳಿಗೆ ಈಗ ಆ ಮಾನ್ಯತೆ ಸಿಕ್ಕಿದೆ. ನಿಮ್ಮ ಶಾಲೆಯ ಪಟ್ಟಿ ನೋಡಿ, ಕೌನ್ಸೆಲರನ್ನು ಕೇಳಿ. ಮೂರು, ಎಲ್ಲ ಡಿಸೈನ್ ಕ್ಲಾಸೂ ಒಳ್ಳೆಯದಲ್ಲ. ಮೇಷ್ಟ್ರನ್ನು ಕೇಳಿ: ಏನು ಮಾಡಬೇಕು ಅಂತ ಮಕ್ಕಳು ತೀರ್ಮಾನಿಸ್ತಾರಾ, ಅಥವಾ ಮೂವತ್ತು ಜನ ಮೂವತ್ತು ಒಂದೇ ಥರದ ಪೆಟ್ಟಿಗೆ ಮಾಡ್ತಾರಾ? ಕೆಟ್ಟುಹೋದ ಮಾದರಿಗೆ ಅಂಕ ಹೋಗುತ್ತಾ, ಅಥವಾ ಯಾಕೆ ಕೆಟ್ಟಿತು ಅಂತ ಬರೆದರೆ ಅಂಕ ಬರುತ್ತಾ? ಉಪಕರಣ ಮಕ್ಕಳ ಕೈಗೆ ಸಿಗುತ್ತಾ?

ಕೊನೆಗೆ ಆ ಮನೆಯಲ್ಲಿ ಏನಾಯ್ತು? ಮಗಳು ಹಟ ಹಿಡಿದು ಸೇರಿದಳು. ಮೊದಲ ದೊಡ್ಡ ಕೆಲಸ, ಊರಿಂದ ಬಂದಿದ್ದ ಅಜ್ಜಿಗೆ ಕೂರೋಕೆ ಒಂದು ಸ್ಟೂಲ್. ನಾಲ್ಕು ಕಾಲು ಹಾಕಿದಳು, ಅಲ್ಲಾಡ್ತಿತ್ತು. ಉದ್ದ ಇದೆ ಅನ್ನಿಸಿದ ಕಾಲನ್ನು ಸ್ವಲ್ಪ ಕೊಯ್ದಳು. ಈಗ ಇನ್ನೊಂದು ಕಾಲು ಉದ್ದ. ಅದನ್ನೂ ಕೊಯ್ದಳು. ಸ್ಟೂಲ್ ಗಿಡ್ಡ ಆಗ್ತಾ ಬಂತು, ಅಲ್ಲಾಟ ನಿಲ್ಲಲಿಲ್ಲ. ಅಜ್ಜಿಗೆ ಫೋಟೋ ತೋರಿಸಿದಾಗ ಅವರು ನಕ್ಕು, ‘ಒಲೆಗೆ ಮೂರೇ ಕಲ್ಲು ಯಾಕೆ ಇಡ್ತಿದ್ವಿ ಅಂದ್ಕೊಂಡಿದ್ದೀಯ?’ ಅಂದರು.

ಅದು ಶುದ್ಧ ರೇಖಾಗಣಿತ. ಒಂದೇ ಗೆರೆಯಲ್ಲಿಲ್ಲದ ಯಾವ ಮೂರು ಬಿಂದುಗಳೂ ಒಂದೇ ಸಮತಲದಲ್ಲಿ ಇದ್ದೇ ಇರ್ತವೆ, ಹಾಗಾಗಿ ಮೂರು ಕಾಲು ಎಂಥ ನೆಲದಲ್ಲೂ ಕುಲುಕಲ್ಲ. ನಾಲ್ಕನೆಯದು ಬಂದ ಕೂಡಲೇ ಆ ಭರವಸೆ ಹೋಗುತ್ತೆ. ಹಾಗಾದ್ರೆ ಮೂರು ಕಾಲೇ ಹಾಕಬಹುದಲ್ಲ? ಅವಳು ಮೂರು ಕಾಲಿನದೊಂದು ಮಾದರಿ ಮಾಡಿ ನೋಡಿದಳು. ಅಲ್ಲಾಡಲಿಲ್ಲ. ಆದರೆ ಅಂಚಿಗೆ ವಾಲಿ ಕೂತರೆ ಮಗುಚಿಕೊಳ್ತು, ಯಾಕಂದ್ರೆ ಭಾರ ಮೂರು ಕಾಲಿನ ತ್ರಿಕೋನದಿಂದ ಸುಲಭವಾಗಿ ಆಚೆ ಹೋಗುತ್ತೆ. ಮಂಡಿನೋವಿನ ಅಜ್ಜಿಗೆ ಅಲ್ಲಾಟಕ್ಕಿಂತ ಬೀಳೋದು ಅಪಾಯ. ಆದ್ದರಿಂದ ಮತ್ತೆ ನಾಲ್ಕು ಕಾಲು. ಈ ಸಲ ಮೇಷ್ಟ್ರು ತೋರಿಸಿದ ಹಾಗೆ ಸಮತಟ್ಟಾದ ಮೇಜಿನ ಮೇಲಿಟ್ಟು, ಸಂದಿಗೆ ಚೂರು ಮರ ಕೊಟ್ಟು ಆಸನವನ್ನು ಮಟ್ಟ ಮಾಡಿ, ಒಂದೇ ಎತ್ತರದ ಮರದ ತುಂಡಿನ ಮೇಲೆ ಪೆನ್ಸಿಲ್ ಇಟ್ಟು ನಾಲ್ಕೂ ಕಾಲಿಗೆ ಸುತ್ತ ಗೆರೆ ಎಳೆದು, ಗೆರೆಗೆ ಸರಿಯಾಗಿ ಕೊಯ್ದಳು. ಅಜ್ಜಿ ಅದರ ಮೇಲೆ ಕೂತು ಹುರುಳಿಕಾಯಿ ನಾರು ತೆಗೀತಾರೆ.

ಪುಸ್ತಕದ ಲೆಕ್ಕಕ್ಕೆ ಹಿಂದಿನ ಪುಟದಲ್ಲಿ ಉತ್ತರ ಇರುತ್ತೆ. ಸ್ಟೂಲಿಗೆ ಇಲ್ಲ. ಮೂರಕ್ಕೊಂದು ದೋಷ, ನಾಲ್ಕಕ್ಕೊಂದು ದೋಷ. ಯಾರಿಗಾಗಿ ಅಂತ ಗೊತ್ತಾದ ಮೇಲೆ ಯಾವ ದೋಷವನ್ನು ಒಪ್ಪಿಕೊಳ್ಳಬಹುದು ಅಂತ ತೀರ್ಮಾನಿಸೋದೇ ಡಿಸೈನ್. ಹದಿನಾಲ್ಕನೇ ವಯಸ್ಸಿಗೆ ಅದನ್ನು ಕಲಿತವಳು ಮುಂದೆ ಡಾಕ್ಟರಾಗಲಿ, ಕೋಡ್ ಬರೆಯಲಿ, ಬಡಗಿಯೇ ಆಗಲಿ, ನಷ್ಟವೇನೂ ಇಲ್ಲ.

ನಿಮ್ಮ ಶಾಲೆಯಲ್ಲಿ ಈ ಕ್ಲಾಸ್ ಇಲ್ಲದಿದ್ದರೆ? ಇಲ್ಲಿನ ಕೆಲವು ಸಾರ್ವಜನಿಕ ಗ್ರಂಥಾಲಯಗಳಲ್ಲಿ ಮೇಕರ್‌ಸ್ಪೇಸ್ ಇದೆ, ವಿಚಾರಿಸಿ. ಊರಿನಲ್ಲಿದ್ದರೆ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯನ್ನು ಕೇಳಿ, ಹತ್ತಿರದ ಬಡಗಿ ಅಂಗಡಿಯಲ್ಲಿ ಒಂದು ಶನಿವಾರ ಕೂರಿಸಿ. ಮನೆಯಲ್ಲಿ ಕೆಟ್ಟ ಮಿಕ್ಸಿಯನ್ನು ಪ್ಲಗ್ ತೆಗೆದು ಬಿಚ್ಚಲಿ, ಮತ್ತೆ ಜೋಡಿಸಲಿ. ಒಂದು ಎಚ್ಚರಿಕೆ: ಮೈಕ್ರೋವೇವ್ ಒಲೆ ಮತ್ತು ಹಳೆಯ ಡಬ್ಬದಂಥ ಟಿವಿಯನ್ನು ಮಾತ್ರ ಯಾವತ್ತೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅವುಗಳ ಒಳಗೆ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಅಪ್ಪ ಈಗ ಏನಂತಾರೆ ಅಂತ ಕೇಳ್ತೀರಾ? ಪೂರ್ತಿ ಒಪ್ಪಿಲ್ಲ. ಹತ್ತನೇ ಕ್ಲಾಸಿಗೆ ಮತ್ತೆ ಫಾರ್ಮ್ ಬಂದಿದೆ, ಚರ್ಚೆ ನಡೀತಾ ಇದೆ. ಆದರೆ ಹೋದ ವಾರ ಅವರ ಮನೆಗೆ ಹೋದಾಗ ಅಡುಗೆಮನೆ ಬೀರುವಿನ ಸಡಿಲವಾದ ಕೀಲನ್ನು ಅಪ್ಪ, ಮಗಳು ಸೇರಿ ಬಿಗಿ ಮಾಡ್ತಾ ಇದ್ದರು. ಸ್ಕ್ರೂಡ್ರೈವರ್ ಇದ್ದದ್ದು ಮಗಳ ಕೈಯಲ್ಲಿ. ಅಪ್ಪ ಟಾರ್ಚ್ ಹಿಡಿದಿದ್ದರು.

ನಿಮ್ಮ ಮನೆಯಲ್ಲೂ ಇಂಥ ಚರ್ಚೆ ನಡೆದಿದ್ದರೆ ನಮಗೆ ಬರೆದು ತಿಳಿಸಿ.